ನೀರು ಕೇಳದ ಇಲಿ

ಎನೆಬಿಶ್ ಹುಟ್ಟುಮೂಗಿಯಲ್ಲ. ಒಂದು ಕಾಲಕ್ಕೆ ಅವಳ ಬಾಯಿ ಮುಚ್ಚಿಸುವುದೇ ಅಜ್ಜಿ ಪಾಗ್ಮಾಳಿಗೆ ದೊಡ್ಡ ಕೆಲಸವಾಗಿತ್ತು. ಒಂಟೆ ಯಾಕೆ ಉಗುಳುತ್ತೆ, ಗಾಳಿಯ ಮನೆ ಎಲ್ಲಿ, ಕುರಿಗೆ ತನ್ನ ಹೆಸರು ಗೊತ್ತಾ ಅಂತ ಬೆಳಗಾದರೆ ಶುರು. ಆ ಬಾಯಿ ಮುಚ್ಚಿದ್ದು ಅವಳ ತಾಯಿ ಸತ್ತಾಗ. ಹೆಣವನ್ನು ಉತ್ತರದ ದಿಬ್ಬಕ್ಕೆ ಒಯ್ಯುವಾಗ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತು ಅಮ್ಮಾ ಅಮ್ಮಾ ಎಂದು ಗಂಟಲು ಹರಿಯುವಂತೆ ಕೂಗಿದಳು. ಪಾಗ್ಮಾ ಅವಳ ಬಾಯಿಯ ಮೇಲೆ ಕೈಯಿಟ್ಟು, ಅಳಬೇಡ, ಕರೆಯಬೇಡ, ನಿನ್ನ ಕಣ್ಣೀರು ಹೊಳೆಯಾಗಿ ಅವಳ ದಾರಿಗೆ ಅಡ್ಡ ಬರುತ್ತದೆ ಎಂದಳು.

ಗೋಬಿ ಮರುಭೂಮಿಯ ಯಾವ ಅಜ್ಜಿಯಾದರೂ ಹೇಳುವ ಮಾತೇ ಅದು. ಇಲ್ಲಿ ಸತ್ತವರಿಗಾಗಿ ಯಾರೂ ಗೊಳೋ ಎನ್ನುವುದಿಲ್ಲ, ಅವರ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ. ದೊಡ್ಡವರು ಒಂದಷ್ಟು ಕಾಲ ಬಾಯಿ ಬಿಗಿಹಿಡಿದಿದ್ದು ಆಮೇಲೆ ಎಂದಿನಂತೆ ಹರಟುತ್ತಾರೆ. ಎಲ್ಲಿಯವರೆಗೆ ಬಾಯಿ ಮುಚ್ಚಿರಬೇಕೆಂದು ಹುಡುಗಿಗೆ ಯಾರೂ ಹೇಳಲಿಲ್ಲ. ಅಂದು ಮುಚ್ಚಿದ ಬಾಯಿ ಊಟಕ್ಕೆ ತೆರೆಯಿತೇ ಹೊರತು ಮಾತಿಗೆ ತೆರೆಯಲಿಲ್ಲ.

ಅವಳ ಹೆಸರಿನ ಅರ್ಥವೇ 'ಇವಳಲ್ಲ' ಎಂದು. ಅವಳಿಗಿಂತ ಮುಂಚೆ ಹುಟ್ಟಿದ ಕೂಸು ಉಳಿಯದ ಕಾರಣ, ಕೆಟ್ಟ ದೃಷ್ಟಿಯವು ಹುಡುಕಿಕೊಂಡು ಬಂದರೆ ಹೆಸರು ಕೇಳಿ ಮೋಸಹೋಗಿ ಮುಂದೆ ನಡೆಯಲಿ ಎಂದು ಪಾಗ್ಮಾಳೇ ಇಟ್ಟಿದ್ದಳು. ಕೆಟ್ಟದ್ದು ಮುಂದೆ ಹೋಯಿತೋ ಏನೋ, ಅದರ ಜೊತೆ ಮಾತೂ ಹೋಯಿತು.

ಮಾತು ಬಿಟ್ಟ ಹುಡುಗಿಗೆ ಒಂದು ಇಲಿ ಸಿಕ್ಕಿತು. ಬಾವಿಯ ಬಳಿ ನಾಯಿ ಕಾಲು ಕಚ್ಚಿ ಬಿಟ್ಟಿದ್ದ ಅಲಗ್ದಾಗ ಅದು: ಗೋಬಿಯ ಮರಳಿನಲ್ಲಿ ಎಲ್ಲ ಪೊದೆಯ ಬುಡದಲ್ಲೂ ಇರುವ, ಹಿಂಗಾಲಲ್ಲಿ ಕುಪ್ಪಳಿಸುವ, ಬಾಲದ ತುದಿಗೆ ಕುಚ್ಚು ಕಟ್ಟಿಕೊಂಡಿರುವ ಪುಟ್ಟ ಇಲಿ. ಹುಡುಗಿ ಅದನ್ನು ತನ್ನ ನಿಲುವಂಗಿಯ ಎದೆಯೊಳಗೆ ಇಟ್ಟುಕೊಂಡಳು. ಹಗಲೆಲ್ಲ ಅದು ಅಲ್ಲೇ ಮಲಗುತ್ತಿತ್ತು. ಪಾಗ್ಮಾ ಮೊದಮೊದಲು ಬಟ್ಟಲಲ್ಲಿ ನೀರಿಟ್ಟಳು. ಇಲಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಣ ಬೀಜ, ಒಂದು ಚೂರು ಬೇರು, ಅಷ್ಟೇ. ದನಿ ಇಲ್ಲ, ಬೇಡಿಕೆ ಇಲ್ಲ, ಮುಖದ ಅರ್ಧವೆಲ್ಲ ಕಿವಿ. ಅಜ್ಜಿ ಇಲಿಯನ್ನು ನೋಡುವಳು, ಮೊಮ್ಮಗಳನ್ನು ನೋಡುವಳು, ಒಲೆಗೆ ಬೆರಣಿ ತುರುಕುವಳು.

ಗಣಿಯಿಂದ ಗಡಿಗೆ ಕಲ್ಲಿದ್ದಲು ಸಾಗಿಸುವ ಲಾರಿ ಓಡಿಸುತ್ತಿದ್ದ ಪಾಗ್ಮಾಳ ಮಗ, ಹುಡುಗಿಯ ಅಪ್ಪ ಯೊಂದೋನ್, ಆ ವರ್ಷದ ವಸಂತದಲ್ಲಿ ಬಂದಾಗ ಎರಡು ತಂದ. ಒಂದು, ರಾಜಧಾನಿಯಲ್ಲಿ ಹೊಸ ಹೆಂಡತಿ ಮಾಡಿಕೊಂಡ ಸುದ್ದಿ. ಇನ್ನೊಂದು, ಬಿದಿರಿನ ಪಂಜರದಲ್ಲಿ ಒಂದು ಹಕ್ಕಿ. ಗಡಿಯ ಸಂತೆಯಲ್ಲಿ ತೆಂಕಣದ ವ್ಯಾಪಾರಿಯೊಬ್ಬ ಕೊಟ್ಟದ್ದಂತೆ. ಅವರ ಕಡೆ ಸದಾ ಮಳೆ, ಸದಾ ಸೆಕೆ, ಕಾಡು ಎಂದರೆ ಆಕಾಶ ಕಾಣದ ಕಾಡು. ಕಪ್ಪು ಮೈ, ಒರೆಸಿಟ್ಟ ತಾಮ್ರದ ಬಣ್ಣದ ಹೊಟ್ಟೆ, ಮೈಗಿಂತ ಉದ್ದದ ಬಾಲ. ಪಾಗ್ಮಾ ಅದನ್ನು ಅತಿಥಿ ಎಂದು ಕರೆದಳು. ದೂರದಿಂದ ಬಂದವರನ್ನು ಮತ್ತೇನೆಂದು ಕರೆಯುವುದು?

ಅಂದು ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುತ್ತ ಯೊಂದೋನ್ ಮುಖ ಎತ್ತದೆ ಮಾತು ತೆಗೆದ. ಬೇಸಿಗೆ ಮುಗಿಯುವುದರೊಳಗೆ ಹುಡುಗಿ ಮಾತಾಡಿದರೆ ಸರಿ, ಹತ್ತಿರದ ಊರಿನ ಶಾಲೆಗೆ ಹೋಗುತ್ತ ಅಜ್ಜಿಯ ಬಳಿಯೇ ಇರಲಿ. ಇಲ್ಲದಿದ್ದರೆ ರಾಜಧಾನಿಯಲ್ಲಿ ಮಾತು ಬಾರದ ಮಕ್ಕಳಿಗೆಂದೇ ಇರುವ ಶಾಲೆಗೆ ಸೇರಿಸುವುದು, ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದು.

"ನಿನ್ನ ಕೈಯಿಂದ ಕಿತ್ಕೊಳ್ತಿಲ್ಲ ಅವ್ವ," ಎಂದ. "ಇಲ್ಲಿ ಹಿಂಗೇ ಬಿಟ್ರೆ ನಾಳೆ ಅವಳೂ ಒಂದು ಕಲ್ಲಾಗಿ ಕೂತ್ಬಿಡ್ತಾಳೆ. ಅವಳಪ್ಪ ಅಲ್ವಾ ನಾನು?"

ತಪ್ಪು ಮಾತೇನಲ್ಲ. ಅದೇ ಪಾಗ್ಮಾಳಿಗೆ ಹೆಚ್ಚು ಉರಿದದ್ದು. ಗಂಡ ಹೋಗಿದ್ದ, ಸೊಸೆ ಹೋಗಿದ್ದಳು, ಮಗ ಗಾಲಿಯ ಮೇಲೆ ಬದುಕುತ್ತಿದ್ದ. ಈ ಹುಡುಗಿಯೂ ಹೋದರೆ ಗೆರ್ ಎಂಬ ಆ ಕಂಬಳಿಯ ಗುಡಾರದಲ್ಲಿ ಬೆಳಿಗ್ಗೆ ಯಾರಿಗಾಗಿ ಒಲೆ ಹಚ್ಚಬೇಕು?

ಅವಳಲ್ಲಿ ಒಂದು ನಂಬಿಕೆ ಇತ್ತು, ಅದು ಸುಮ್ಮನೆ ಹುಟ್ಟಿದ್ದಲ್ಲ. ಕರು ಹಾಕಿದ ನೋವಿಗೆ ಬೆದರಿ ಕರುವನ್ನು ಹತ್ತಿರ ಸೇರಿಸದ ಒಂಟೆಗಳಿರುತ್ತವೆ. ಅಂಥದ್ದರ ಮುಂದೆ ಕೂತು 'ಖೋಸ್, ಖೋಸ್' ಎಂದು ಹಾಡಿ ಓಲೈಸುವುದರಲ್ಲಿ ಆ ಸೀಮೆಗೆಲ್ಲ ಪಾಗ್ಮಾಳದೇ ಮೇಲುಗೈ. ಪಕ್ಕದಲ್ಲಿ ನೆರೆಯ ಮುದುಕ ಗೋಂಚಿಗ್ ಕುದುರೆತಲೆಯ ತಂತಿವಾದ್ಯ ನುಡಿಸುತ್ತಿದ್ದ. ಹೊತ್ತು ಕಳೆದಂತೆ ಒಂಟೆಯ ಕಣ್ಣಿಂದ ದಳದಳ ನೀರು ಇಳಿಯುತ್ತದೆ. ನೀರು ಇಳಿಯಿತೋ, ಹಿಂದೆಯೇ ಕೆಚ್ಚಲಲ್ಲಿ ಹಾಲು. ಮುಚ್ಚಿಹೋದದ್ದನ್ನು ಹಾಡು ತೆರೆಯುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹುಡುಗಿಯ ಮುಂದೆಯೂ ಹಾಡಿ ನೋಡಿ ಸೋತಿದ್ದಳು. ಅದಕ್ಕೇ ಈ ಹಕ್ಕಿಯ ಮೇಲೆ ಅವಳಿಗೆ ಅಷ್ಟು ಆಸೆ.

ಹಕ್ಕಿ ಬಹಳ ದಿನ ಮುನಿಸಿಕೊಂಡಿತ್ತು. ಅದಕ್ಕೆ ಹೊತ್ತು ಹೊತ್ತಿಗೆ ನೀರು, ಕುಡಿಯಲು ಒಂದು ಬಟ್ಟಲು, ಮೀಯಲು ಇನ್ನೊಂದು. ಮಿಡತೆ ಬೇಕು, ಸಣ್ಣಗೆ ಹೆಚ್ಚಿದ ಬೆಂದ ಕುರಿಮಾಂಸ ಬೇಕು, ಗಾಳಿ ತಾಗಬಾರದು. ಒಂದು ಬೆಳಿಗ್ಗೆ ಪಾಗ್ಮಾ ಸೂರಿನ ಹೊಗೆಕಂಡಿಯ ಕಂಬಳಿ ಸರಿಸಿದಾಗ ಬಿಸಿಲಿನ ಕೋಲು ಪಂಜರದ ಮೇಲೆ ಬಿತ್ತು. ಹಕ್ಕಿ ಬಾಲ ಎತ್ತಿ ಹಾಡಿತು. ಅವಳು ಕೈಯಲ್ಲಿದ್ದ ಹಾಲಿನ ಚೆಂಬನ್ನು ಇಳಿಸಲೂ ಮರೆತು ನಿಂತಳು. ನೀರಿನ ಸದ್ದು ಕೇಳದ ನೆಲದಲ್ಲಿ ತುಂಬಿದ ತೊರೆಯೊಂದು ಒಳಗೆ ಹರಿದು ಬಂದ ಹಾಗಿತ್ತು. ಅಂದಿನಿಂದ ಅವಳು ಆ ಹಕ್ಕಿಗೆ ಮರುಳಾದಳು.

ಹುಡುಗಿ ಮಾತ್ರ ಪಂಜರಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಅಜ್ಜಿ ಹೇಳಿದರೆ ನೀರು ಬದಲಿಸುವಳು, ಮಿಡತೆ ಹಿಡಿದು ತರುವಳು, ಮತ್ತೆ ಎದೆಯೊಳಗಿನ ಇಲಿಯ ಕಿವಿ ಸವರುತ್ತ ಮೂಲೆ ಸೇರುವಳು.

ನೆರೆಯ ಗೋಂಚಿಗ್ ಒಂಟೆ ಹುಡುಕುವ ನೆಪದಲ್ಲಿ ಚಹಾಕ್ಕೆ ಬರುವವನು. ಬಂದವನೇ ನಶ್ಯದ ಬುರುಡೆ ಅವಳ ಕೈಗಿತ್ತು, ಹಕ್ಕಿಗೂ ಇಲಿಗೂ ನಡುವೆ ಪಂಚಾಯಿತಿಗೆ ಕೂರುವನು. ಪಾಗ್ಮಾ ಹಕ್ಕಿಯ ವಕೀಲೆ, ಅವನು ಇಲಿಯ ಕಡೆ.

"ನಿನ್ನ ಅತಿಥಿ ಸಾಹೇಬ್ರಿಗೆ ಸ್ನಾನದ ನೀರು ಕಾಯ್ತಾ?" ಎಂದು ಕೇಳುವನು. "ನಮ್ಮ ಹುಡುಗ ನೋಡು. ಹುಟ್ಟಿದಾಗಿಂದ ಒಂದು ಹನಿ ಕೇಳಿದವನಲ್ಲ. ಮನೆ ಅಂದ್ರೆ ಒಂದು ಬಿಲ, ಊಟ ಅಂದ್ರೆ ಒಂದು ಬೀಜ. ಇಂಥ ಅಳಿಯ ಸಿಗಬೇಕಿತ್ತು ನಂಗೆ."

ಕುಡಿಯದವನು ಹಾಡುವುದೂ ಇಲ್ಲ, ಅದಕ್ಕೇ ನಿನ್ನ ಮನೆಗೆ ಸರಿ ಎಂದು ಪಾಗ್ಮಾ ಚುಚ್ಚುವಳು. ಮುದುಕ ಸೋಲುವವನಲ್ಲ. ಹಾಡುವವರ ಗಂಟಲು ಒಣಗುತ್ತದೆ, ಒಣಗಿದರೆ ಅವರು ಇಲ್ಲಿ ಬದುಕುವುದಿಲ್ಲ. ಈ ನೆಲಕ್ಕೆ ಕೇಳದವರೇ ಲಾಯಕ್ಕು ಎನ್ನುವನು. ಇಬ್ಬರೂ ನಗುವರು. ಮೂಲೆಯಲ್ಲಿ ಹುಡುಗಿ ಕೇಳುತ್ತ ಕೂತಿರುವಳು, ಮುಖದಲ್ಲಿ ಏನೂ ಇಲ್ಲ. ಈ ತೂಗಾಟ ಬೇಸಿಗೆಯುದ್ದಕ್ಕೂ ನಡೆಯಿತು. ಅದು ಆಟವೆಂದೇ ಇಬ್ಬರೂ ತಿಳಿದಿದ್ದರು. ಆದರೆ ಆಡುತ್ತ ಆಡುತ್ತ ಪಾಗ್ಮಾಳ ಮನಸ್ಸಿನಲ್ಲಿ ಹುಡುಗಿ ಇಲಿಯ ಜಾತಿಗೇ ಸೇರಿದಳು: ಕೇಳದ, ಹಾಡದ, ಒಣ ನೆಲದಲ್ಲೂ ಹೇಗೋ ಉಳಿಯುವ ಜಾತಿ.

ಬೇಸಿಗೆಯ ನಡುವೆ ಹಕ್ಕಿಯ ಹಾಡಿನ ಬಾಲಕ್ಕೆ ಹೊಸದೊಂದು ತುಣುಕು ಸೇರಿತು. ಮೊದಲು ಮೋಟು, ಆಮೇಲೆ ಉದ್ದ, ಏರುತ್ತ ಹೋಗಿ ತಟ್ಟನೆ ನಿಲ್ಲುವಂಥದ್ದು, ದೂರದವರನ್ನು ಕರೆದ ಹಾಗೆ. ಒಂಟೆಕರುಗಳಿಂದ ಕಲಿತಿರಬೇಕು ಎಂದುಕೊಂಡಳು ಪಾಗ್ಮಾ. ಬೆಳಗಿನಿಂದ ಇಳಿಹೊತ್ತಿನವರೆಗೆ ಅವಳು ಹಾಲು, ಮೇವು, ಬಾವಿ ಎಂದು ಹೊರಗಿರುವವಳು. ಆಗ ಒಳಗೆ ಇರುತ್ತಿದ್ದದ್ದು ಹಕ್ಕಿ ಮತ್ತು ಹುಡುಗಿ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಹುಲ್ಲಿನ ತುದಿ ಕೆಂಪಾಗತೊಡಗಿದಾಗ ಅವಳಿಗೆ ಗಾಬರಿ ಹತ್ತಿತು. ಮಗ ಬರುವ ಕಾಲ. ಒಂಟೆ ಏರಿ ಊರಿನ ಲಾಮಾನ ಬಳಿ ಹೋದಳು. ಆತ ಮಣಿ ಎಣಿಸಿ, ಮಂತ್ರ ಹೇಳಿ, ಹುಡುಗಿಯ ಹೆಸರಿನಲ್ಲಿ ಒಂದು ಜೀವವನ್ನು ಬಿಟ್ಟುಬಿಡು ಎಂದ. ಅದು ಅಲ್ಲಿಯ ಹಳೆಯ ರೂಢಿ. ಹರಕೆಯ ಪ್ರಾಣಿಗೆ ರೇಷ್ಮೆಯ ಪಟ್ಟಿ ಕಟ್ಟಿ ಬಿಟ್ಟರೆ ಆಮೇಲೆ ಅದನ್ನು ಯಾರೂ ಏರುವಂತಿಲ್ಲ, ಕೊಯ್ಯುವಂತಿಲ್ಲ, ಕಟ್ಟುವಂತಿಲ್ಲ. ಯಾವ ಜೀವ ಎಂದು ಅವಳು ಕೇಳಿದಳು. ಕೊಡುವಾಗ ನಿನಗೆ ನೋಯಬೇಕು, ಅಂಥದ್ದು ಎಂದ ಲಾಮಾ. ಅವಳು ನೀಲಿ ರೇಷ್ಮೆಯ ಪಟ್ಟಿ ತೆಗೆದುಕೊಂಡು ಬಂದಳು.

ಒಂಟೆಯೊಂದನ್ನು ಬಿಡಬಹುದಿತ್ತು. ಆದರೆ ಬಿಟ್ಟ ಒಂಟೆಯೂ ಸಂಜೆಗೆ ಅದೇ ಬಾವಿಗೆ ಬರುತ್ತದೆ; ಅದರಲ್ಲಿ ನೋವೇನು ಬಂತು? ಸಂಗತಿ ಕೇಳಿ ಗೋಂಚಿಗ್, ಹಾಗಾದರೆ ಇಲಿಯನ್ನು ಬಿಡು, ಅದರ ಕಾಲು ವಾಸಿಯಾಗಿದೆ, ಮರಳು ಅದರ ತವರು ಎಂದ. ಪಾಗ್ಮಾ ಸಿಟ್ಟಾದಳು. ಪೊದೆಗೊಂದು ಇರುವ ಇಲಿಯನ್ನು ಮರಳಿಗೆ ಬಿಟ್ಟು ಹರಕೆ ತೀರಿತು ಎಂದರೆ ಆಕಾಶಕ್ಕೆ ಕಣ್ಣಿಲ್ಲವೇ? ಅಲ್ಲದೆ ಹುಡುಗಿ ಎದೆಯೊಳಗೆ ಇಟ್ಟುಕೊಂಡದ್ದು ಅದೊಂದನ್ನೇ. ಅದನ್ನು ಕಿತ್ತರೆ ಅವಳಿಗೆ ನೋಯುತ್ತದೆ. ನೋಯಬೇಕಾದದ್ದು ತನಗೆ.

"ಹಂಗಾದ್ರೆ ಹಕ್ಕೀನ?" ಗೋಂಚಿಗ್ ನಶ್ಯ ಏರಿಸುವುದನ್ನು ನಿಲ್ಲಿಸಿದ. "ಅಲ್ಲ ಕಣಕ್ಕ, ಒಂಟೆಗೆ ಕಟ್ಟೋ ಪಟ್ಟೀನ ಆ ಕಡ್ಡಿ ಕಾಲಿಗೆ ಕಟ್ತೀಯ? ಇದು ಅದರ ಸೀಮೆ ಅಲ್ಲ. ಬಿಟ್ರೆ ಎಲ್ಲಿಗೆ ಹೋಗುತ್ತೆ?"

"ತೆಂಕಣಕ್ಕೆ. ರೆಕ್ಕೆ ಇದೆಯಲ್ಲ."

"ರೆಕ್ಕೆ ಇದೆ, ದಾರಿ ಗೊತ್ತಾ?"

ಆ ಹಕ್ಕಿ ತನಗೆ ಎಷ್ಟು ಬೇಕಾಗಿತ್ತು ಎಂಬುದೇ ಪಾಗ್ಮಾಳಿಗೆ ಸಾಕ್ಷಿಯಾಗಿತ್ತು. ಇಷ್ಟು ನೋಯುತ್ತಿದೆ ಎಂದರೆ ಇದೇ ಸರಿ. ಎಂಥ ಹುಚ್ಚು ಲೆಕ್ಕ ಎಂದು ನಾವು ಈಗ ಹೇಳಬಹುದು. ಪ್ರೀತಿ ಇರುವವರು ಹಾಕುವ ಲೆಕ್ಕಗಳು ಹೀಗೇ ಇರುತ್ತವೆ.

ಗಾಳಿ ಇಲ್ಲದ ಒಂದು ಬೆಳಿಗ್ಗೆ, ಬಾವಿಯಾಚೆಯ ಝಾಗ್ ಪೊದೆಗಳ ಅಂಚಿಗೆ ಪಂಜರ ಒಯ್ದಳು. ಝಾಗ್ ಎಂದರೆ ಎಲೆಯಿಲ್ಲದ, ಬರಿಯ ಸಿಕ್ಕು ಕೊಂಬೆಗಳ ಗಿಡ. ಹರಕೆಗೆ ಚಿಮುಕಿಸಲೆಂದು ಹುಡುಗಿಯ ಕೈಗೆ ಹಾಲಿನ ಚೆಂಬು ಕೊಟ್ಟಿದ್ದಳು. ಪಟ್ಟಿಯನ್ನು ದಾರದಷ್ಟು ಸಣ್ಣಗೆ ಸೀಳಿ ಹಕ್ಕಿಯ ಕಾಲಿಗೆ ಕಟ್ಟಿ, ಒಂದು ಗೇಣು ಇಳಿಬಿಟ್ಟಳು. ಮೊಮ್ಮಗಳ ಹೆಸರು ಹೇಳಿ ಕೈ ತೆರೆದಳು. ಆಗ ಹುಡುಗಿ ಚೆಂಬು ಕೈಬಿಟ್ಟು ಅಜ್ಜಿಯ ತೋಳಿಗೆ ಜೋತುಬಿದ್ದಳು. ಹಕ್ಕಿ ಆಗಲೇ ಮೇಲಿತ್ತು. ನೀಲಿ ಎಳೆ ಬಿಸಿಲಲ್ಲಿ ಒಮ್ಮೆ ಮಿಂಚಿ ಪೊದೆಗಳ ಆಚೆ ಇಳಿಯಿತು. ಚೆಲ್ಲಿದ ಹಾಲನ್ನು ನೋಡಿ ಪಾಗ್ಮಾ, ಇರಲಿ, ನೆಲಕ್ಕೂ ಒಂದು ಪಾಲು ಎಂದುಕೊಂಡಳು. ಹುಡುಗಿ ತೋಳು ಹಿಡಿದದ್ದನ್ನು ಮಂಗಳದ ಗುರುತೆಂದೇ ತಿಳಿದಳು.

ಅಂದು ಇಳಿಹೊತ್ತಿಗೆ ಬಡಗಣದಿಂದ ಗಾಳಿ ಎದ್ದಿತು. ಮರುದಿನವೆಲ್ಲ ಮರಳು ಹಾರಿತು. ಗೆರ್‌ನೊಳಗೆ ಖಾಲಿ ಪಂಜರ ತೂಗಾಡುತ್ತಿತ್ತು. ಹುಡುಗಿ ಊಟ ಮುಟ್ಟಲಿಲ್ಲ.

ಗಾಳಿ ನಿಂತ ಬೆಳಿಗ್ಗೆ ಪಾಗ್ಮಾ ಒಂಟೆಯ ಕೆಳಗೆ ಕೂತು ಹಾಲು ಕರೆಯುತ್ತಿದ್ದಾಗ ಝಾಗ್ ಪೊದೆಗಳ ಕಡೆಯಿಂದ ಹಾಡು ಕೇಳಿಸಿತು. ಅದೇ ತೊರೆ, ಅದೇ ಇಳಿತ, ಕೊನೆಗೆ ಆ ಮೋಟು ಮತ್ತು ಉದ್ದದ ಕರೆ. ಅವಳ ಎದೆ ಉಬ್ಬಿತು. ಬದುಕಿದೆ, ಗಾಳಿಯನ್ನೂ ಗೆದ್ದಿದೆ, ಹರಕೆ ಮುಟ್ಟಿದೆ. ಹಾಲಿನ ಪಾತ್ರೆ ಹಿಡಿದೇ ಮರಳಿನಲ್ಲಿ ಕಾಲೆಳೆಯುತ್ತ ಅತ್ತ ನಡೆದಳು.

ಪೊದೆಯ ಬುಡದಲ್ಲಿ ಎನೆಬಿಶ್ ಮೊಣಕಾಲೂರಿ ಕೂತಿದ್ದಳು. ಅವಳೆದುರಿಗೆ, ಸಿಕ್ಕುಕೊಂಬೆಗೆ ನೀಲಿ ಎಳೆ ಸುತ್ತಿಕೊಂಡು, ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಉದ್ದನೆಯ ಬಾಲದ ತುಂಬ ಮರಳು. ಹಾಡುತ್ತಿದ್ದವಳು ಹುಡುಗಿ. ಕತ್ತು ಚಾಚಿ, ಬಾಯಿ ತೆರೆದು, ಹಕ್ಕಿಯ ಹಾಡನ್ನು ಹಕ್ಕಿಗೇ ಹಾಡುತ್ತಿದ್ದಳು, ಅದು ಮರುಹಾಡುತ್ತದೆಂದು ಕಾಯುತ್ತಿದ್ದಳು, ಮತ್ತೆ ಹಾಡುತ್ತಿದ್ದಳು. ಕೊನೆಯ ತುಣುಕು ಹಕ್ಕಿಯದಾಗಿರಲೇ ಇಲ್ಲ. ಅಂದು ಬಾಗಿಲ ಚೌಕಟ್ಟು ಹಿಡಿದು ಕೂಗಿದ್ದಳಲ್ಲ, ಆ 'ಅಮ್ಮಾ', ಅಕ್ಷರ ಅಳಿಸಿಹೋಗಿ ರಾಗವಷ್ಟೇ ಉಳಿದದ್ದು. ಹಗಲೆಲ್ಲ ಒಳಗೆ ಕೂತು ಅವಳು ಅದನ್ನು ಹಕ್ಕಿಗೆ ಕಲಿಸಿದ್ದಳು. ತಾನು ಕರೆದರೆ ತಾಯಿಗೆ ತೊಂದರೆ. ಹಕ್ಕಿ ಕರೆದರೆ ಯಾರ ದಾರಿಗೆ ಏನು ಅಡ್ಡಿ?

ಪಾಗ್ಮಾಳ ಕೈಯಿಂದ ಪಾತ್ರೆ ಜಾರಿತು. ಸದ್ದಿಗೆ ಹುಡುಗಿ ತಿರುಗಿದಳು. ಅಜ್ಜಿಯನ್ನು ಕಂಡದ್ದೇ ಬಾಯಿ ಮುಚ್ಚಿದಳು, ಮೇಲಿಂದ ಎರಡೂ ಕೈ ಅದುಮಿದಳು.

ಅಜ್ಜಿ ಮರಳಿನಲ್ಲೇ ಕುಸಿದು ಬೇಡಿಕೊಂಡಳು. ಹಾಡು ಕಂದಾ, ಕರೆಯಬಹುದು, ನಾನು ಹೇಳಿದ್ದು ಸುಳ್ಳು ಎಂದಳು. ಹುಡುಗಿ ಎದ್ದು ಎಳೆ ಬಿಡಿಸಿ ಹಕ್ಕಿಯನ್ನು ಹೂಳಿದಳು. ಅಜ್ಜಿ ನೆರವಿಗೆ ಚಾಚಿದ ಕೈಯನ್ನು ಮೆಲ್ಲನೆ ಸರಿಸಿದಳು.

ಯೊಂದೋನ್ ಬಂದ. ಪಾಗ್ಮಾ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿದ, ನಂಬಲಿಲ್ಲ. ಮೊಮ್ಮಗಳನ್ನು ಬಿಟ್ಟಿರಲಾರದ ಮುದುಕಿ ಮತ್ತೇನು ಹೇಳಿಯಾಳು? ಒಂದು ಸಲ, ಹೊರಡುವ ಮುಂಚೆ ಒಂದೇ ಸಲ ಒಂಟೆಗೆ ಹಾಡಿದ ಹಾಗೆ ಹಾಡಿ ನೋಡುತ್ತೇನೆ ಎಂದು ಅವಳು ಹಟ ಹಿಡಿದಳು. ಅವನು ನಿಟ್ಟುಸಿರುಬಿಟ್ಟು ಹುಡುಗಿಯ ಗಂಟು ಲಾರಿಗೆ ಹಾಕಲು ಹೋದ.

ಗೋಂಚಿಗ್ ವಾದ್ಯ ತಂದ. ಅಂದು ತಮಾಷೆ ಇಲ್ಲ, ಚಹಾ ಇಲ್ಲ. ತಂತಿ ಮಿಡಿಯತೊಡಗಿತು. ಪಾಗ್ಮಾ ಹುಡುಗಿಯ ಎದುರು ಕೂತು 'ಖೋಸ್, ಖೋಸ್' ಎಂದು ಶುರುಮಾಡಿದಳು. ಆಮೇಲೆ ಮುದಿ ತುಟಿಗಳನ್ನು ಚೂಪು ಮಾಡಿ, ಗೆರ್‌ನೊಳಗೆ ಶಿಳ್ಳೆ ಹಾಕುವುದು ಅಪಶಕುನವೆಂದು ಬದುಕಿಡೀ ಎಲ್ಲರನ್ನೂ ಗದರಿಸಿದವಳು, ಹಕ್ಕಿಯ ಹಾಡನ್ನು ಶಿಳ್ಳೆಯಲ್ಲಿ ಹಿಡಿಯಲು ನೋಡಿದಳು. ಅರ್ಧ ಬಂತು, ಅರ್ಧ ಗಾಳಿಯಾಯಿತು. ಕೊನೆಯ ತುಣುಕು ಮಾತ್ರ ಸರಿಯಾಗಿ ಬಂತು. ಮೋಟು, ಆಮೇಲೆ ಉದ್ದ.

ಹುಡುಗಿ ತಲೆ ಎತ್ತಿದಳು. ಪಾಗ್ಮಾ ಮತ್ತೆ ಕರೆದಳು. ಮಗುವಿನ ಕಣ್ಣು ತುಂಬಿ, ತುಂಬಿದ್ದು ತುಳುಕಿ, ಕೆನ್ನೆಗೆ ಇಳಿಯಿತು. ತಾಯಿ ಸತ್ತ ಮೇಲೆ ಮೊದಲ ಸಲ. ಗೋಂಚಿಗ್ ಕಂಡು ತಂತಿಯನ್ನು ಇನ್ನಷ್ಟು ತಗ್ಗಿಸಿದ. ಒಂಟೆಗಳ ಮುಂದೆ ಕೂತು ಕೂತು ಇಬ್ಬರಿಗೂ ಗೊತ್ತಿತ್ತು, ನೀರು ಇಳಿದ ಮೇಲೆ ಕಾಯಬೇಕು ಅಷ್ಟೇ. ಹುಡುಗಿಯ ತುಟಿ ಬಿರಿಯಿತು. ಗಂಟಲು ಅಲುಗಿತು. ಒಂದು ಸಣ್ಣ, ಒಡೆದ ದನಿ ಹೊರಗೆ ಬಂತು.

ಆಗ ಬಾಗಿಲ ಕಂಬಳಿ ಸರಿಸಿ ಯೊಂದೋನ್ ಒಳಗೆ ಬಂದ. ಮಗಳ ಕೆನ್ನೆ ಕಂಡು ಓಡಿಬಂದು ಮೊಣಕಾಲೂರಿ, ಒರಟು ಅಂಗೈಯಿಂದ ಅವಳ ಮುಖ ಒರೆಸಿದ.

"ಅಳಬಾರದು ಪುಟ್ಟಾ," ಎಂದ, ಬಹಳ ಮೆತ್ತಗೆ. "ಅಮ್ಮನ ದಾರಿಗೆ ಹೊಳೆ ಬರುತ್ತೆ."

ಹುಡುಗಿ ಬಾಯಿ ಮುಚ್ಚಿದಳು. ಪಾಗ್ಮಾ ಮಗನನ್ನು ನೋಡಿದಳು. ಆ ಮಾತನ್ನು ಅವನು ಯಾರ ಬಾಯಿಂದ ಕಲಿತ ಎಂದು ಅವಳಿಗೆ ಗೊತ್ತಿತ್ತು. ಅವನಪ್ಪ ಸತ್ತಾಗ ಈ ಹುಡುಗಿಯಷ್ಟೇ ಎತ್ತರವಿದ್ದ ಅವನ ಮುಖವನ್ನು ಹೀಗೇ ಒರೆಸಿದ್ದಳು.

ಲಾರಿ ಹೊರಡುವ ಮುಂಚೆ ಎನೆಬಿಶ್ ತನ್ನ ಎದೆಯೊಳಗಿನ ಇಲಿಯನ್ನು ತೆಗೆದು ಅಜ್ಜಿಯ ನಿಲುವಂಗಿಯೊಳಗೆ ಇಳಿಸಿ, ಗುಂಡಿ ಹಾಕಿದಳು. ತಿರುಗಿ ನೋಡಲಿಲ್ಲ. ಪಾಗ್ಮಾ ರೂಢಿಯಂತೆ ಲಾರಿಯ ಹಿಂದೆ ಹಾಲು ಚಿಮುಕಿಸಿದಳು. ಧೂಳು ಬಾವಿ ದಾಟಿ, ದಿಬ್ಬ ದಾಟಿ ಹೋಯಿತು.

ಗೋಂಚಿಗ್ ಪಕ್ಕದಲ್ಲಿ ಬಂದು ನಿಂತ. ಬೇಸಿಗೆಯೆಲ್ಲ ತೂಗಿ ತೂಗಿ ತಪ್ಪು ತೂಗಿದೆ ಎಂದು ಅವಳು ಅವನಿಗೆ ಹೇಳಿದಳು. "ಅವಳನ್ನ ಇಲಿ ಅಂದ್ಕೊಂಡೆ ಕಣೋ. ಅವಳು ಹಕ್ಕಿ." ಮುದುಕ ನಶ್ಯದ ಬುರುಡೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ, ಅವಳಿಗೆ ಕೊಡುವುದನ್ನೂ ಮರೆತ.

ಚಳಿ ಬಲಿತರೆ ಇಲಿ ಬಿಲ ಸೇರಿ ಮಲಗುತ್ತದೆ; ಅದಕ್ಕಿನ್ನೂ ಹೊತ್ತಿತ್ತು. ಅಲ್ಲಿಯವರೆಗೆ ಪಾಗ್ಮಾ ಬೆಳಿಗ್ಗೆ ಎದ್ದು ಹೊಗೆಕಂಡಿಯ ಕಂಬಳಿ ಸರಿಸಿದೊಡನೆ ಹಕ್ಕಿಯ ಬಟ್ಟಲು ತೊಳೆದು, ಹೊಸ ನೀರು ತುಂಬಿ, ಇಲಿಯ ಮುಂದೆ ಇಡುತ್ತಿದ್ದಳು. ಕುಡಿಯೋ, ಕೇಳೋ, ಏನಾದರೂ ಕೇಳೋ ಎನ್ನುತ್ತಿದ್ದಳು. ಇಲಿ ದೊಡ್ಡ ಕಿವಿಗಳನ್ನು ಅವಳ ಕಡೆ ತಿರುಗಿಸಿ ಸುಮ್ಮನೆ ಕೂತಿರುತ್ತಿತ್ತು. ಸಂಜೆ ಅವಳು ಆ ನೀರನ್ನು ಹಾಗೆಯೇ ಹೊರಗೆ ಚೆಲ್ಲುತ್ತಿದ್ದಳು.